ಅಳಿಲಿನ ಹಂಡೆಗೆ ಹದಿನೇಳರ ಗುಂಡು

ಈ ವರ್ಷದ ಅಳಿಲು ಸಾರನ್ನು ನಮ್ಮ ಕಣಿವೆಯ ಜನ ಸಾಯುವವರೆಗೂ ಮರೆಯಬಾರದು ಎಂದು ನಾನು ಆಗಸ್ಟ್ ಮೊದಲ ವಾರವೇ ನಿರ್ಧರಿಸಿಬಿಟ್ಟೆ. ದೇವರು ಆ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟ.

ಕೆಂಟಕಿಯ ನಮ್ಮ ಪುಟ್ಟ ಚರ್ಚಿನಲ್ಲಿ ಅಳಿಲು ಬೇಟೆ ಶುರುವಾಗುವ ಶನಿವಾರದ ಮರುದಿನವೇ ದೊಡ್ಡ ಊಟ. ಊರು ಬಿಟ್ಟವರೆಲ್ಲ ಅವತ್ತು ಬರುತ್ತಾರೆ. ನನ್ನ ಅತ್ತೆ ಡೆಲ್ಫಿ ಮೂವತ್ತೊಂದು ವರ್ಷ ತಾನೇ ಅಳಿಲು ಹೊಡೆದು, ತಾನೇ ಸಾರು ಮಾಡಿ, ಕಬ್ಬಿಣದ ಕರಿ ಹಂಡೆ ತುಂಬಿಸಿ ಕಳಿಸಿದವಳು. ಈ ಸಲ ಮಂಡಿ ಕೈಕೊಟ್ಟಿತು. ಹಂಡೆ ನನ್ನ ಪಾಲಿಗೆ ಬಂತು. ನಾನು ಎಡವಿದರೆ ಅದು ನಾದಿನಿ ವಿಲ್ಡಾಳ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ವಿಲ್ಡಾ ಆಗಲೇ ಕಪಾಟಿನ ಒಂದು ಅರೆ ಖಾಲಿ ಮಾಡಿದ್ದಳು.

ಇಂಥ ರಾಜ್ಯಭಾರಕ್ಕೆ ಹೊಸ ಬಂದೂಕೇ ಬೇಕಲ್ಲವೇ! ನಾನು ನಾಲ್ಕು ಜನರ ಮಾತನ್ನು ತಾಳ್ಮೆಯಿಂದ ಕೇಳುವವಳು. ಅದೊಂದೇ ನನ್ನ ವಿದ್ಯೆ, ಅದರ ಮೇಲೆ ಕೊಂಚ ಜಂಬವೂ ಇದೆ. ನೇರ ಕ್ಲೀಟಸ್‌ನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತೆ. ಅಲ್ಲಿ ಕೂತಿದ್ದವರಲ್ಲಿ ಒಬ್ಬ, ನಳಿಗೆಯ ಅಳತೆಯ ಲೆಕ್ಕದಲ್ಲಿ ಸಾದಾ ಇಪ್ಪತ್ತೆರಡರ ಗುಂಡು ಸಾಕು ಎಂದ. ಇನ್ನೊಬ್ಬ ಇಪ್ಪತ್ತೆರಡರಲ್ಲೇ ಮ್ಯಾಗ್ನಂ ತಗೋ, ಜೋರು ಜಾಸ್ತಿ ಎಂದ. ಕ್ಲೀಟಸ್ ಮಾತ್ರ ಏನನ್ನು ಹೊಡೆಯಬೇಕೆಂದು ಕೇಳಿದ.

ಆ ಬೆಳಿಗ್ಗೆಯೇ ಒಂದು ಗ್ರೌಂಡ್‌ಹಾಗ್, ಹೆಗ್ಗಣಕ್ಕೆ ಹಂದಿಯ ಹೊಟ್ಟೆ ಅಂಟಿಸಿದಂಥ ಪ್ರಾಣಿ, ನನ್ನ ಬೀನ್ಸ್ ಸಾಲು ಅರ್ಧ ಮೇದು ಬಿಲ ಸೇರಿತ್ತು. ಹೊಟ್ಟೆ ಉರಿಯುತ್ತಿತ್ತು. ಅದರ ಜನ್ಮ ಜಾಲಾಡುತ್ತ ಅರ್ಧ ಗಂಟೆ ಮಾತಾಡಿದೆ. ಅಳಿಲಿನ ವಿಷಯ ಬಾಯಿಗೆ ಬರಲೇ ಇಲ್ಲ.

“ಹಾಗಿದ್ರೆ ಹದಿನೇಳರದ್ದು ತಗೊಳ್ಳಿ, ಸಿಸ್ಟರ್ ನಿಯೋಮಾ” ಎಂದ ಕ್ಲೀಟಸ್; ನಮ್ಮ ಚರ್ಚಿನಲ್ಲಿ ಹೆಂಗಸರೆಲ್ಲ ಸಿಸ್ಟರೇ. “ಗುಂಡು ಸಣ್ಣದು, ವೇಗ ಮಾತ್ರ ಸಿಡಿಲಿನದು. ನೂರು ಗಜದಾಚೆಗೂ ಗೆರೆ ಎಳೆದ ಹಾಗೆ ಹೋಗುತ್ತೆ.”

ನಾನು ಪ್ರಾರ್ಥನೆ ಮಾಡಿದೆ. ಉತ್ತರ ಬರುವಷ್ಟು ಹೊತ್ತು ಕಾಯಲಿಲ್ಲ, ಅಷ್ಟೇ.

ಮನೆಗೆ ತಂದಾಗ ಗಂಡ ಹೋಬರ್ಟ್ ದುರ್ಬೀನು ಕೂರಿಸಿದ ಆ ಬಂದೂಕನ್ನು ತಿರುಗಿಸಿ ನೋಡಿದ. “ಇದು ಅಳಿಲಿಗಾ, ಇಲ್ಲಾ ಯುದ್ಧಕ್ಕಾ?”

“ನೋಡ್ತಾ ಇರು” ಎಂದೆ.

ಗುರುವಾರ ಅಡುಗೆಮನೆಯ ಮೆಟ್ಟಿಲಿಂದಲೇ ತೊಂಬತ್ತು ಹೆಜ್ಜೆ ದೂರದ ಗ್ರೌಂಡ್‌ಹಾಗನ್ನು ಒಂದೇ ಗುಂಡಿಗೆ ಮಲಗಿಸಿದೆ. ಉಳಿದ ಬೀನ್ಸ್ ಬಚಾವಾಯಿತು. ನನ್ನ ತಲೆ ಮಾತ್ರ ಗುಡ್ಡದ ಹಿಕರಿ ಮರದ ತುದಿಗೆ ಏರಿ ಕೂತಿತು.

ಶನಿವಾರ ನಸುಕಿನಲ್ಲಿ, ಅಳಿಲುಗಳು ಕಾಯಿಗೆ ಮುತ್ತುವ ಅದೇ ಹಿಕರಿ ಮರದಡಿ ಕೂತೆ. ಮೊದಲ ಅಳಿಲು ಕೊಂಬೆಗೆ ಬಂತು. ಎದೆಗೆ ಗುರಿಯಿಟ್ಟೆ. ಗುಂಡು ತಪ್ಪಲಿಲ್ಲ. ಹೋಬರ್ಟ್ ಎತ್ತಿಕೊಂಡು ಬರಲು ಹೋದವನು ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ಕೊನೆಗೆ ಬಾಲ ಹಿಡಿದುಕೊಂಡು ಬಂದ.

“ಉಳಿದದ್ದೆಲ್ಲಿ?”

“ಇದೇ ಉಳಿದದ್ದು.”

ಆಕಸ್ಮಿಕವಿರಬೇಕೆಂದು ಇನ್ನೊಂದು ಹೊಡೆದೆ. ಮತ್ತೆರಡು ಹೊಡೆದೆ. ಒಂದೂ ತಪ್ಪಲಿಲ್ಲ, ಅದೇ ದುರಂತ. ಲೆಕ್ಕಕ್ಕೆ ಬಾಲ ನಾಲ್ಕು ಸಿಕ್ಕವು, ಸಾರಿಗೆ ಆಗುವಂಥ ಅಳಿಲು ಮುಕ್ಕಾಲು. ಇನ್ನು ಹೊಡೆಯುವುದು ಪಾಪವೆನಿಸಿ ಎದ್ದುಬಿಟ್ಟೆ. ದೇವರು ಕೊಟ್ಟ ಆಹಾರವನ್ನು ಹೀಗೆ ಪುಡಿಮಾಡಿದ್ದಕ್ಕೆ ದಾರಿಯುದ್ದಕ್ಕೂ ಕ್ಷಮೆ ಕೇಳಿಕೊಂಡೆ.

ಅಡುಗೆಮನೆಯಲ್ಲಿ ಅತ್ತೆ ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನನ್ನ ಪಾತ್ರೆಯೊಳಗೆ ಇಣುಕಿದಳು. ಬಂದೂಕನ್ನು ನೋಡಿದಳು. ಚಾಕು ಕೆಳಗಿಟ್ಟಳು.

“ಇದು ದೂರದ ಕಾಗೆ, ಗ್ರೌಂಡ್‌ಹಾಗ್ ಕೊಲ್ಲೋಕೆ ಕಣೆ. ಗುಂಡು ಒಳಗೆ ಹೋಗಿ ಸಿಡಿಯುತ್ತೆ. ತಿನ್ನೋದಕ್ಕೆ ನಿಧಾನದ ಇಪ್ಪತ್ತೆರಡು, ಅದೂ ತಲೆಗೆ. ಯಾರನ್ನ ಕೇಳಿ ತಂದೆ ಇದನ್ನ?”

ಬೆಂಚಿನ ಮೇಲಿದ್ದವರನ್ನೆಲ್ಲ ಹೆಸರಿಸಿದೆ.

“ಮೂವತ್ತೊಂದು ವರ್ಷ ಆ ಹಂಡೆ ತುಂಬಿಸಿದೋಳು ನಾನು ನಿನ್ನ ಒಲೆ ಪಕ್ಕದಲ್ಲೇ ಕೂತಿದ್ನಲ್ಲ. ನಾಲ್ಕು ಜನರ ಮಾತು ಕೇಳೋಳಿಗೆ ಐದನೇದು ಭಾರ ಆಯ್ತಾ?”

ನನಗೆ ಅಳು ಬಂತು. ಹಂಡೆ ವಿಲ್ಡಾಳ ಕಪಾಟಿನಲ್ಲಿ ಕೂತಿರುವುದು ಕಣ್ಣಿಗೆ ಕಟ್ಟಿತು. ಅತ್ತೆ ಕಿಟಕಿಯಾಚೆ ನೋಡಿ, ಬುಟ್ಟಿ ತಗೊಂಡು ಹೋಗಿ ಬೀನ್ಸ್ ಕಿತ್ತು ತಾ ಎಂದಳು. ಇಬ್ಬರೂ ಕೂತು ನಾರು ತೆಗೆದೆವು. ಉಪ್ಪಿನ ಹಂದಿಮಾಂಸ, ಆಲೂಗೆಡ್ಡೆ, ಮುಸುಕಿನ ಜೋಳ, ಆ ಮುಕ್ಕಾಲು ಅಳಿಲು, ಮಿಕ್ಕದ್ದೆಲ್ಲ ಬೀನ್ಸ್. ಹಂಡೆ ಕಂಠದವರೆಗೆ ತುಂಬಿತು.

ಭಾನುವಾರ ಮರದಡಿಯ ಮೇಜಿನಲ್ಲಿ ವಿಲ್ಡಾ ಸೌಟು ಹಾಕಿ ಹಂಡೆಯ ತಳವನ್ನೆಲ್ಲ ಶೋಧಿಸಿದಳು. ಅಳಿಲು ಸಿಗಲಿಲ್ಲ. ಆದರೆ ಅಷ್ಟರಲ್ಲಿ ಓಹಾಯೋದಿಂದ ಬಂದ ಮುದುಕರೊಬ್ಬರು ಮೂರನೆಯ ಬಟ್ಟಲಿಗೆ ಸಾಲಿನಲ್ಲಿ ನಿಂತಿದ್ದರು. ಹಂಡೆ ಬರಿದಾದ ಮೇಲೆ ವಿಲ್ಡಾ ಅದರ ಹಿಡಿಗೆ ಕೈಹಾಕಿ ತಾಯಿಯ ಮುಖ ನೋಡಿದಳು. ನಾನು ನೆಲ ನೋಡಿದೆ.

“ಇಡು ಅಲ್ಲಿ” ಎಂದಳು ಅತ್ತೆ. ಬರುವ ವರ್ಷ ತನ್ನ ಹಳೆಯ ಇಪ್ಪತ್ತೆರಡರ ಬಂದೂಕನ್ನು ನನಗೆ ಕೊಡುವುದಾಗಿಯೂ, ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತು ಕಲಿಸುವುದಾಗಿಯೂ ಎಲ್ಲರ ಮುಂದೆ ಹೇಳಿದಳು. ನಾನು ಹಿಗ್ಗಿ ತಲೆ ಎತ್ತಿದೆ. ಆಗ ಮಾತು ಮುಗಿಸಿದಳು:

“ಹಂಡೆ ನಿಯೋಮಾ ಹತ್ರಾನೇ ಇರ್ಲಿ. ಬೇಟೆಗಾರ್ತಿ ಅಂದ್ರೆ ಅವಳೇ. ನೋಡಿ, ಒಂದು ಬೀನ್ಸ್ ಕೂಡ ಕೈತಪ್ಪಿ ಓಡಿಹೋಗೋಕೆ ಬಿಟ್ಟಿಲ್ಲ.”