ಎಂಟು ಎಳಿ, ಎಂಟು ಟಿಕಳಿ

ನನ್ನ ಕೆಲಸದಾಗ ನಗಬಾರದು ಅಂತ ಹಲ್ಲು ಕಚ್ಚಿ ಕುಂತಾಗನ ನಗು ಬರೋವಂಥಾದ್ದು ಒಂದು ಆಗೇ ಆಗತೈತಿ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಊರಾಗ ನಮ್ಮ ಸೊಸೈಟಿ ಆಫೀಸ್ ಅದಾವ. ಒಂದೊಂದರಾಗೂ ಸರ್ವರ್ ಇಟ್ಟ ಕಬ್ಬಿಣದ ಕಪಾಟು. ಅಲ್ಲಿಂದ ಶಹರದ ದೊಡ್ಡ ಡೇಟಾ ಸೆಂಟರ್ ತನಕಾ ಲೈನ್ ಹರೀಲಾರದಂಗ ನೋಡಿಕೊಳ್ಳಾಕಿ ನಾನು. ಮಂದಿ ನನಗ "ವಾಯರ್ ಅಕ್ಕಾರು" ಅಂತಾರ.

ಒಂದಿನ ಆ ಸೆಂಟರಿನ ಸಾಹೇಬ್ರು ಫೋನ್ ಮಾಡಿ ಹೇಳಿಬಿಟ್ರು: "ದಿನಾ ಹನ್ನೊಂದಕ್ಕ ತಪಾಸ ಮಾಡತೀನಿ. ಮೂರು ಸಲ ಲೈನ್ ಬಂದ್ ಸಿಕ್ತಂದ್ರ ಮೂರೂ ಕಪಾಟು ಇಲ್ಲಿಗೆ ತರಸ್ತೀನಿ. ನೀವೂ ಗಂಟು ಕಟ್ಟಿಕೊಂಡು ಬರ್ರಿ."

ಸಿಟ್ಟು ನೆತ್ತಿಗೇರಿತು. ರೋಣ ಬಿಟ್ಟು ನಾ ಯಾಕ ಹೋಗ್ಲಿ? "ಲೈನೂ ಹೋಗಂಗಿಲ್ಲ, ನಾನೂ ಹೋಗಂಗಿಲ್ಲ" ಅಂದೆ.

೧. ರೋಣದ ಕಾರಕೂನ್ರು

ಹಂಗಂದು ವಾರಾ ಆಗಿಲ್ಲ, ರೋಣದಾಗ ಲೈನ್ ಹೋತು. ಓಡಿ ಹೋಗಿ ನೋಡತೀನಿ, ಕಪಾಟಿಗೆ ಕುಂಕುಮಾ, ಊದಿನಕಡ್ಡಿ, ಹೂವಿನ ಮಾಲಿ! ಅವತ್ತು ಶುಕ್ರವಾರ. ಪೂಜಾ ಮಾಡೂವಾಗ ನಮ್ಮ ಹಿರೇ ಕಾರಕೂನ್ರಿಗೆ ಒಂದು ವಾಯರಿನ ತುದಿ ಜೋತಾಡೋದು ಕಂಡೈತಿ. ಚಲೋ ಕಾಣಂಗಿಲ್ಲಂತ ಅದನ್ನ ಲೈನ್ ಹಂಚೋ ಡಬ್ಬಿಯ ಖಾಲಿ ತೂತಿಗೆ ಸಿಗಿಸ್ಯಾರ. ಒಂದೇ ವಾಯರಿನ ಎರಡೂ ತುದಿ ಒಂದೇ ಡಬ್ಬಿಗೆ!

"ಕಾಕಾರ, ಹಿಂಗ ಹಾಕಿದ್ರ ಇಲ್ಲಿಂದ ಹೊಂಟದ್ದು ಮತ್ತ ಇಲ್ಲಿಗೇ ಬರತೈತಿ. ಗರಗರ ತಿರಗತೈತಿ, ಊರು ದಾಟಂಗಿಲ್ಲ" ಅಂದೆ.

ಕಾರಕೂನ್ರು ಕನ್ನಡಕ ಏರಿಸಿಕೊಂಡು, "ಮೂವತ್ತು ವರ್ಷದಿಂದ ನಾನೂ ಈ ಆಫೀಸಿನಾಗ ಹಂಗ ತಿರಗಾಕತ್ತೀನವಾ, ಯಾರೂ ಏನೂ ಅಂದಿಲ್ಲ" ಅಂದ್ರು.

೨. ನರಗುಂದದ ಜೋಡಿ

ನರಗುಂದಕ್ಕ ಹಿಂಗಾಗಬಾರದಂತ ಎರಡು ವಾಯರ್ ಹಾಕಿಸಿದೆ. ಒಂದು ಮುಂದಿನ ಗ್ವಾಡಿಗುಂಟ, ಒಂದು ಹಿತ್ತಲಗುಂಟ. ಒಂದು ಹೋದ್ರ ಇನ್ನೊಂದು ಕೈ ಹಿಡೀಲಿ ಅಂತ ಮ್ಯಾನೇಜರಿಗೆ ಬಿಡಿಸಿ ಹೇಳಿದ್ದೆ. ನಾ ಬಸ್ ಹತ್ತಿದ್ದೇ ತಡಾ, ಎರಡನ್ನೂ ಮುಂದಿನ ಒಂದೇ ಪೈಪಿನ್ಯಾಗ ತೂರಿಸಿಬಿಟ್ಟಾರ. ಯಾಕಂದ್ರ ಒಂದಕ್ಕೊಂದು ಆಸರಾ ಇರ್ಲಿ ಅಂತ! ಮರುವಾರ ಕಡ್ಲಿ ಚೀಲದ ಟ್ರ್ಯಾಕ್ಟರ್ ಹಿಂದಕ್ಕ ಬಂದು ಪೈಪಿಗೆ ಗುದ್ದಿತು.

ನನ್ನ ಕಣ್ಣಾಗ ನೀರು ಬಂದುವು. ಮ್ಯಾನೇಜರ್ ಸಮಾಧಾನ ಮಾಡಿದ್ರು: "ಅಳಬ್ಯಾಡ್ರಿ ಅಕ್ಕಾರ. ಇದ್ದಾಗೂ ಜೋಡೀಲೆ ಇದ್ವು, ಹೋಗೂವಾಗೂ ಜೋಡೀಲೆ ಹೋದ್ವು. ಎಷ್ಟು ಮಂದಿಗೆ ಸಿಗತೈತ್ರಿ ಈ ಪುಣ್ಯಾ!"

೩. ಗಜೇಂದ್ರಗಡದಾಗ ಇಲಿ

ಎರಡು ಸಲ ಆಗಿತ್ತು. ಇನ್ನೊಂದು ಆತಂದ್ರ ಗಂಟು ಕಟ್ಟೋದ. ಏನರ ಆಗ್ಲಿ ಬಿಡಬಾರದಂತ, ಗಜೇಂದ್ರಗಡದಾಗೂ ಎರಡನೇ ವಾಯರ್ ಹಾಕಾಕ ಸುರುಳಿ ಬಗಲಾಗ ಇಟಗೊಂಡು ಬಸ್ಸಿನಾಗ ಹೊಂಟಿದ್ದೆ. ಹತ್ತೂವರಿಗೆ ಫೋನ್ ಬಂತು. ಅಲ್ಲಿನ ಆಫೀಸ್ ಕಸಾ ಹೊಡದು, ಚಾ ಮಾಡೋ ಹೆಣಮಗಳು, ನೇಕಾರರ ಮನ್ಯಾಕಿ.

"ಅಕ್ಕಾರ, ಇಲಿ ವಾಯರ್ ಕಡದೈತ್ರಿ. ಎರಡು ತುಂಡ!"

"ಯಾರೂ ಕೈ ಹಚ್ಚಬ್ಯಾಡ್ರಿ!" ಅಂತ ಬಸ್ಸಿಗೆ ಬಸ್ಸ ತಿರುಗಿ ನೋಡೂವಂಗ ಒದರಿದೆ. ಅಷ್ಟರಾಗ ಫೋನ್ ಕಟ್. ಬಸ್ಸಿನ ಮುಂದ ಕುರಿ ಹಿಂಡು. ನನ್ನ ಜೀವಾ ನನಗ ಗೊತ್ತು.

ಇಳದು ಓಡಿ ಒಳಗ ಹೋಗಿ ನೋಡಿದ್ರ, ಲೈನಿನ ಹಸರು ದೀಪಾ ಮಿಣಮಿಣ ಅನ್ನಾಕತ್ತಾವ! ಹರದ ವಾಯರಿನ ನಡುವ ಸಾಲಾಗಿ ಎಂಟು ಟಿಕಳಿ, ಹೆಣಮಕ್ಕಳು ಹಣಿಗೆ ಅಂಟಿಸಿಕೊಳ್ಳೂವಂಥಾವು.

"ಏನ್ ಮಾಡಿದಿ ಯವ್ವಾ?"

"ಒಳಗ ಎಂಟ ಎಳಿ ಅಲ್ರೀ! ಮನ್ಯಾಗ ಮಗ್ಗದ ಮ್ಯಾಲಿನ ಹಾಸು ಮುಗದ್ರ ಹಳೇ ಎಳಿಗೆ ಹೊಸಾ ಎಳಿ ಸಾವಿರಗಟ್ಟಲೆ ಕೂಡಸ್ತೀವಿ. ಹಲ್ಲಿಲೆ ಸಿಪ್ಪಿ ಸುಲದೆ, ಬಣ್ಣಕ್ಕ ಬಣ್ಣಾ ಹೊಸದೆ. ಒಂದಕ್ಕೊಂದು ತಾಗಬಾರದಂತ ನನ್ನ ಟಿಕಳಿ ಹಚ್ಚೀನಿ. ನೀವು ಕೈ ಹಚ್ಚಬ್ಯಾಡ ಅನ್ನೂದರಾಗ ಕೈ ಹಚ್ಚಿಬಿಟ್ಟಿದ್ದೆ."

ಹನ್ನೊಂದಕ್ಕ ಸಾಹೇಬ್ರ ಫೋನ್. "ಲೈನ್ ಬರೋಬರಿ ಐತಿ. ನಡುವ ಒಂದಿಷ್ಟು ಹೊತ್ತು ಹೋಗಿತ್ತಲ್ಲಾ, ಯಾವ ಎಂಜಿನಿಯರ್ ಸರಿ ಮಾಡಿದ್ರು?"

ಸುಳ್ಳು ಹೇಳಾಕ ಮನಸಾಗಲಿಲ್ಲ. ಸ್ಪೀಕರ್ ಹಚ್ಚಿ, ಹಲ್ಲು, ಟಿಕಳಿ, ಎಲ್ಲಾ ಹೇಳಿದೆ.

"ಇಂಥಾ ಮಂದಿ ಅಲ್ಲಿದ್ರ ಕಪಾಟೂ ಅಲ್ಲೇ ಇರ್ಲಿ ಬಿಡ್ರಿ" ಅಂದ್ರು ಸಾಹೇಬ್ರು. "ಆದ್ರ ಮೇಡಂ, ಈ ಜೋಡಣಿ ಎಷ್ಟು ದಿನಾ ಬಾಳಿಕಿ ಬರತೈತಿ?"

ಇವತ್ತ ಹೊಸಾ ವಾಯರ್ ಹಾಕತೀನ್ರಿ ಅಂತ ನಾ ಬಾಯಿ ತಗಿಯೋದರಾಗ, ಅಕಿ ಫೋನಿಗೆ ಬಾಗಿ, ಸೀರಿ ಗಿರಾಕಿಗೆ ಹೇಳೂವಂಗ ಹೇಳಿದ್ಲು:

"ಬಣ್ಣಾ ಬಿಡಂಗಿಲ್ಲರಿ ಸಾಹೇಬ್ರ. ಮೊದಲನೇ ಸಲ ಮಾತ್ರ ಉಪ್ಪಿನ ನೀರಾಗ ಒಗೀರಿ."