ಹೆಸರಿಗೆ ಮೂವತ್ತು ಬೈಟ್

ನಮ್ಮ ಅತ್ತಿಗೆ ಮನುಷ್ಯರನ್ನು ಕಂಡ ಕೂಡಲೇ ಮನಸ್ಸಿನಲ್ಲೇ ಅಳತೆ ತೆಗೆಯುತ್ತಾರೆ. ಟೈಲರ್ ಅಂದುಕೊಂಡಿರಾ? ಅಲ್ಲ, ಶಿಕಾರಿಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಡಂ! ನೀವು ಹೆಸರು, ಊರು, ಮನೆತನ ಸಮೇತ ಕಂಪ್ಯೂಟರಿನ ಪಟ್ಟಿಯಲ್ಲಿ ಒಂದು ಸಾಲಾಗಿ ಹೋಗಿ ಕೂತರೆ ಎಷ್ಟು ಜಾಗ ತಿನ್ನುತ್ತೀರಿ ಎನ್ನುವುದೇ ಅವರ ಚಿಂತೆ.

ಆ ಜಾಗದ ಅಳತೆಯೇ ಬೈಟ್. ಇಂಗ್ಲಿಷಿನ ಅಕ್ಷರ ಒಂದೇ ಬೈಟಿನಲ್ಲಿ ತೆಪ್ಪಗೆ ಕೂರುತ್ತದಂತೆ. ನಮ್ಮ ಕನ್ನಡದ ಅಕ್ಷರಕ್ಕೆ ಮೂರು ಬೇಕು. ಗುಡಿಸಿಗೆ, ಕೊಂಬಿಗೆ, ಸೊನ್ನೆಗೆ ಮತ್ತೆ ಮೂರುಮೂರು, ಒತ್ತಕ್ಷರಕ್ಕಂತೂ ಆರು!

ಮದುವೆಯಾದ ಹೊಸತರಲ್ಲಿ ಅಣ್ಣನನ್ನು ಬೀರುವಿನ ಮುಂದೆ ನಿಲ್ಲಿಸಿದ್ದರು. "ಗಂಡ ಅಂದ್ರೆ ಒಂಬತ್ತು ಬೈಟ್. ಹೆಂಡತಿ ಅಂದ್ರೆ ಹದಿನೆಂಟು. ಬೇಕಾದ್ರೆ ಎಣಿಸಿ ನೋಡಿ. ಈ ಬೀರುವಿನ ಮೂರು ಅರೆಗಳಲ್ಲಿ ಎರಡು ನಂದು!"

"ಮಾತಿನಾಗೂ ಅದೇ ಲೆಕ್ಕ ನಡದೈತಲ್ಲ," ಎಂದ ಅಣ್ಣ.

ಸೊರಬದ ನಮ್ಮ ಮನೆಯಲ್ಲಿ ನನ್ನ ಮಗನಿಗೆ ಹೆಸರಿಡುವಾಗಲೂ ಬಿಡಲಿಲ್ಲ. "ಶ್ರೀನಿಧಿ ಬೇಡ ಮಾರಾಯ್ತಿ, ಆ ಒಂದು ಶ್ರೀಗೇ ಹನ್ನೆರಡು ಬೈಟ್!" ಕೊನೆಗೆ ರವಿ ಎಂದಿಟ್ಟೆವು. ಹೆಸರಿಗೆ ಒಂಬತ್ತೇ ಬೈಟ್. ಹುಡುಗ ಮಾತ್ರ ಇಡೀ ಮನೆ ತುಂಬಿಕೊಂಡಿದ್ದಾನೆ.

ಇಂಥವರು ಉಡುತಡಿ ಕಡೆಯ ಒಂದು ಹಳ್ಳಿಯ ಹಾಲಿನ ಡೇರಿಗೆ ಕಂಪ್ಯೂಟರ್ ಪಟ್ಟಿ ಮಾಡಿಕೊಡಲು ಒಪ್ಪಿಕೊಂಡರು. ಟೈಪ್ ಮಾಡಲು ನಾನೂ ಹೋಗಿದ್ದೆ.

"ಹೆಸರಿಗೆ ಮೂವತ್ತು ಬೈಟ್ ಸಾಕು. ಬಸಮ್ಮನಿಗೆ ಹದಿನೈದು, ಗಂಗಮ್ಮನಿಗೆ ಹದಿನೆಂಟು. ಇನ್ನೂ ಮಿಕ್ಕುತ್ತೆ!" ಎಂದರು ಅತ್ತಿಗೆ.

ಡೇರಿ ಸೆಕ್ರೆಟರಿ ನಕ್ಕರು. "ಮೇಡಮ್ಮೋರೆ, ಊರ ಮಂದಿ ಹೆಸರೆಲ್ಲ ಸೇರಿದ್ರೂ ನನ್ನ ಮೊಮ್ಮಗಳ ಒಂದು ಫೋಟೋದಷ್ಟು ಜಾಗ ಆಗಂಗಿಲ್ಲ ಬಿಡ್ರಿ."

"ಜಾಗ ಇದೆ ಅಂತ ಎಲೆ ತುಂಬಾ ಉಪ್ಪು ಬಡಿಸ್ತೀರಾ?"

ಸೆಕ್ರೆಟರಿ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಒಬ್ಬೊಬ್ಬರೇ ಬಂದು ಹೆಸರು ಹೇಳಿದರು. ಎಲ್ಲವೂ ಮೂವತ್ತರೊಳಗೆ! ಅತ್ತಿಗೆಯ ಮುಖ ಅರಳಿತ್ತು. ಆಗ ಹಾಲಿನ ಕ್ಯಾನು ಹಿಡಿದು ಒಬ್ಬ ಅಜ್ಜಿ ಬಂದರು.

"ನಾವು ಈರಪ್ಪನ ಮನಿಯರು. ಹಂಗ ಬರ್ಕೊ ಯವ್ವಾ."

"ಅದು ಯಜಮಾನರ ಹೆಸರು. ನಿಮ್ಮದು?"

"ಅವರು ಹೋಗಿ ಭಾಳ ವರ್ಷ ಆತು. ಹಂಗಂದ್ರ ಎಲ್ರಿಗೂ ಗೊತ್ತಾಕ್ಕತಿ."

ಸೆಕ್ರೆಟರಿಗೆ ಈಗ ಧೈರ್ಯ ಬಂತು. "'ಈರಪ್ಪನ ಮನಿ' ಅಂತ ಹೊಡೀರಿ. ನಿಮ್ಮ ಜಾಗದಾಗ ಸರಿಯಾಗಿ ಕುಂದರ್ತದ."

ನಿಜ, ಇಪ್ಪತ್ತೆಂಟು ಬೈಟ್! ಅತ್ತಿಗೆ ಹೂಂ ಅಂದೇಬಿಡುತ್ತಾರೆ ಅಂದುಕೊಂಡೆ. ಅವರು ಸ್ಟೂಲ್ ಎಳೆದು ಅಜ್ಜಿಯನ್ನು ಕೂರಿಸಿದರು. "ತವರುಮನೇಲಿ ಏನಂತ ಕರೀತಿದ್ರು?"

ಅಜ್ಜಿ ಸೆರಗು ಬಾಯಿಗಿಟ್ಟು, ಪರರ ಹೆಸರು ಹೇಳುವವರಂತೆ ತಡೆದು ತಡೆದು ಹೇಳಿದರು. "ಅನ್ನಪೂರ್ಣೇಶ್ವರಮ್ಮ."

ಟೈಪ್ ಮಾಡಿದೆ. ಪರದೆಯ ಮೇಲೆ 'ಅನ್ನಪೂರ್ಣೇ' ಎಂದು ಬಂದು ನಿಂತುಬಿಟ್ಟಿತು.

"ಸಾಕು ಬಿಡ್ರಿ, ಅಜ್ಜಿಗೇನು ಓದಾಕ ಬರ್ತತಾ?" ಎಂದರು ಸೆಕ್ರೆಟರಿ.

ತಾವು ಹಾಕಿದ ಅಂದಾಜನ್ನು ಜೀವಮಾನದಲ್ಲಿ ಬದಲಿಸದ ಅತ್ತಿಗೆ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡರು. ಅಜ್ಜಿಯ ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರೂ ತಿರುಗಿ ನೋಡಲಿಲ್ಲ. ಹೆಸರಿನ ಜಾಗ ಹಿಗ್ಗಿಸಿ, ಮತ್ತೆ ಬರೆದು, ಗಟ್ಟಿಯಾಗಿ ಓದಿದರು. "ಅನ್ನಪೂರ್ಣೇಶ್ವರಮ್ಮ."

ಅಜ್ಜಿ ಕದಲಲಿಲ್ಲ. "ನಮ್ಮವ್ವ ಹೋದ ಮ್ಯಾಲೆ ಹಿಂಗ ಪೂರಾ ಹೆಸರು ಹಿಡಿದು ಯಾರೂ ಕರದೇ ಇಲ್ಲ ಯವ್ವಾ. ಇನ್ನೊಂದ್ ಸಲ ಕರೀತೀಯೇನು?"

ಅತ್ತಿಗೆ ಕರೆದರು. ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಲ್ಲ, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ದನಿಯಲ್ಲಿ.

"ಓ," ಎಂದರು ಅಜ್ಜಿ.