ನಾಯಕನ ತಾಯಿ ಮತ್ತು ಗಂಧದ ಹಾರ

ಮುನಿಗಂಗಮ್ಮನಿಗೆ ಕರುಣೆ ಎಂಬುದು ಇರಲಿಲ್ಲ. ಮದುವೆಯಾದ ಮೊದಲ ವಾರದಲ್ಲೇ ಆಕೆಯ ಗಂಡ ನರಸಿಂಹಯ್ಯನವರು ಈ ತೀರ್ಮಾನಕ್ಕೆ ಬಂದಿದ್ದರು. ಅದನ್ನು ತಿದ್ದಿಕೊಳ್ಳುವ ಅಗತ್ಯ ಮುಂದೆಂದೂ ಬೀಳಲಿಲ್ಲ. ಮಗಳು ವೇದಾಳನ್ನು ಗಂಡನ ಮನೆಗೆ ಕಳಿಸುವಾಗ ಛತ್ರದ ಅಡುಗೆಯವರು ಕೂಡ ಕಣ್ಣೊರೆಸಿಕೊಂಡರು. ಮುನಿಗಂಗಮ್ಮ ಮಾತ್ರ ಕಾರಿನ ಕಿಟಕಿಗೆ ತಲೆ ತೂರಿಸಿ, "ಆ ಸೀರೆ ಡ್ರೈಕ್ಲೀನಿಂಗ್‌ಗೇ ಆಕು, ಮನೇಲಿ ಒಗೀಬ್ಯಾಡ" ಎಂದು ಹೇಳಿ ಹಿಂದೆ ಸರಿದಳು. ನರಸಿಂಹಯ್ಯನವರು ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದಾಗ ಆಕೆ ಮೊದಲು ವಿಚಾರಿಸಿದ್ದು ಏಣಿಯ ಕ್ಷೇಮವನ್ನು. (ಏಣಿಗೆ ಏನೂ ಆಗಿರಲಿಲ್ಲ.)

ಇಂಥ ಹೆಂಡತಿಯ ಫೋಟೋವನ್ನು ಆಕೆಗೆ ಹೇಳದೆ ಸಿನಿಮಾದವರಿಗೆ ಕೊಡುವುದು ಧೈರ್ಯವಲ್ಲ, ದಡ್ಡತನ. ಆದರೆ ಕೊಡುವ ಹೊತ್ತಿನಲ್ಲಿ ನರಸಿಂಹಯ್ಯನವರಿಗೆ ಅದು ಅದ್ಭುತವಾದ ಯೋಚನೆಯಾಗಿ ಕಂಡಿತ್ತು.

ಸಿನಿಮಾ ಅವರ ತಂಗಿಯ ಮಗ ಗಿರಿಯದು. ಕೊಡಿಗೇಹಳ್ಳಿಯ ಹೊಲಗಳೆಲ್ಲ ಸೈಟುಗಳಾದ ಮೇಲೆ ಆ ಮನೆತನದ ಗಂಡಸರು ಕಟ್ಟಡ ಕಟ್ಟಿಸುವವರಾದರು. ಗಿರಿ ಒಬ್ಬ ಮಾತ್ರ ನಿರ್ದೇಶಕನಾದ.

"ರೊಮ್ಯಾಂಟಿಕ್ ಕ್ರೈಮ್ ಥ್ರಿಲ್ಲರ್ ಮಾವ," ಎಂದು ಅವನು ವಿವರಿಸಿದ್ದ. "ಹೆಸರು 'ನಿನ್ನ ಕತ್ತಿ, ನನ್ನ ಮುತ್ತು'. ಹೀರೋ ಪೊಲೀಸು. ಕೊಲೆ ಮಾಡಿರೋದು ಹೀರೋಯಿನ್ನೇ ಅಂತ ಡೌಟು. ಅವ್ನು ಅವಳನ್ನ ಮದ್ವೆ ಆಗ್ಬೇಕಾ, ಅರೆಸ್ಟ್ ಮಾಡ್ಬೇಕಾ? ಅದೇ ಕಥೆ."

"ಎರಡಕ್ಕೂ ಏನೋ ವ್ಯತ್ಯಾಸ?" ಎಂದರು ಅನುಭವಸ್ಥರಾದ ನರಸಿಂಹಯ್ಯ.

"ಹೀರೋ ತಾಯಿದು ಒಂದು ಫೋಟೋ ಬೇಕು ಮಾವ. ಇಡೀ ಸಿನಿಮಾದಲ್ಲಿ ಬರುತ್ತೆ. ಫುಲ್ ಕ್ಲೋಸಪ್."

ಮನೆಯ ನಡುಮನೆಯಲ್ಲಿ ಗಂಡ ಹೆಂಡಿರ ಎರಡು ಫೋಟೋ ಪಕ್ಕಪಕ್ಕದಲ್ಲಿ ತೂಗುತ್ತಿದ್ದವು. ನರಸಿಂಹಯ್ಯನವರ ಅರವತ್ತರ ಶಾಂತಿಯ ದಿನ ತೆಗೆಸಿದ್ದು. ಸ್ಟುಡಿಯೋದವನು "ಸ್ವಲ್ಪ ನಗಿ ಅಮ್ಮಾ" ಎಂದಿದ್ದ, ಮುನಿಗಂಗಮ್ಮ "ಯಾಕೆ?" ಎಂದು ಕೇಳಿದ್ದಳು. ಆ ಪ್ರಶ್ನೆ ಮುಖದ ಮೇಲಿರುವಾಗಲೇ ಅವನು ಗುಂಡಿ ಒತ್ತಿಬಿಟ್ಟಿದ್ದ. ಆಕೆ ತವರೂರು ಚಿಕ್ಕಜಾಲಕ್ಕೆ ಹೋಗಿದ್ದ ದಿನ ನರಸಿಂಹಯ್ಯನವರು ಆ ಫೋಟೋ ಇಳಿಸಿ ಗಿರಿಗೆ ಕೊಟ್ಟರು. ಬಂದು ಕೇಳಿದವಳಿಗೆ ಗಾಜು ಒಡೆದಿತ್ತು, ಹಾಕಿಸಲು ಕೊಟ್ಟಿದ್ದೇನೆ ಎಂದರು. ಎಷ್ಟು ದೊಡ್ಡದಾಗಿ ಕಾಣುತ್ತದೆ, ಬಣ್ಣದಲ್ಲಿ ಬರುತ್ತದೆಯೇ, ಹೆಸರು ಹಾಕುತ್ತಾರೆಯೇ ಎಂದೆಲ್ಲ ಗಿರಿಯನ್ನು ಕೇಳಿದ ಅವರು, ನಾಯಕನ ತಾಯಿ ಬದುಕಿದ್ದಾಳೆಯೇ ಎಂದು ಮಾತ್ರ ಕೇಳಲಿಲ್ಲ.

ಬಿಡುಗಡೆಯ ಹಿಂದಿನ ದಿನ ಗುಟ್ಟು ಬಿಟ್ಟುಕೊಟ್ಟರು. ಹೆಂಡತಿಗಷ್ಟೇ ಅಲ್ಲ, ಇಡೀ ಬೀದಿಗೆ. "ನಮ್ಮೋಳು ಹೀರೋ ತಾಯಿ ಕಣ್ರೀ!" ಮುನಿಗಂಗಮ್ಮ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿದಳು. ಆಕೆಯ ಮಟ್ಟಿಗೆ ಅದು ಕುಣಿದಾಟ.

ಶುಕ್ರವಾರ ಹೆಬ್ಬಾಳದ ಮಾಲಿನಲ್ಲಿ ಮೊದಲ ಆಟಕ್ಕೆ ನೆಂಟರಿಷ್ಟರೆಲ್ಲ ಸೇರಿ ಎರಡು ಸಾಲು ತುಂಬಿದರು. ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆಯ ಶಿವಲಿಂಗವ್ವ ಕೂಡ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು. (ರೊಟ್ಟಿಯನ್ನು ಬಾಗಿಲಲ್ಲೇ ಇಡಿಸಿಕೊಂಡರು.) ದೀಪ ಆರಿತು. ಒಂದು ಹೆಣ ಬಿತ್ತು, ಒಂದು ಹಾಡು ಬಂತು. ನಾಯಕ ಮನೆಗೆ ಬಂದು ಟೋಪಿ ತೆಗೆದು ಗೋಡೆಯತ್ತ ನೋಡಿದ.

ಗೋಡೆಯ ತುಂಬ ಮುನಿಗಂಗಮ್ಮ. ಕೊರಳಿಗೆ ಗಂಧದ ಚಕ್ಕೆಯ ಹಾರ. ತಲೆಯ ಮೇಲೆ ಮಿಣುಕುವ ಕೆಂಪು ಬಲ್ಬು.

"ಅಮ್ಮಾ!" ಎಂದು ನಾಯಕ ಬಿಕ್ಕಿದ. "ನನ್ನ ಬಿಟ್ಟು ಯಾಕಮ್ಮಾ ಹೋದೆ?"

ಎರಡು ಸಾಲಿನ ನೆಂಟರು ಏಕಕಾಲಕ್ಕೆ ತಿರುಗಿ ನರಸಿಂಹಯ್ಯನವರನ್ನು ನೋಡಿದರು. ಮುನಿಗಂಗಮ್ಮ ಪಾಪ್‌ಕಾರ್ನ್ ಅಗಿಯುತ್ತಲೇ ಇದ್ದಳು. ಮಧ್ಯಂತರದಲ್ಲಿ ದೀಪ ಹತ್ತಿದಾಗ ಬಾಯಿ ಬಿಟ್ಟಳು.

"ನಾನು ಸತ್ತೋಗಿದೀನಾ?"

"ಪಾತ್ರ ಅಷ್ಟೇ ಕಣೇ..."

"ಯಾವಾಗ ಸತ್ತೆ?"

"ಕಥೆ ಶುರುವಾಗೋಕ್ ಮುಂಚೆ."

"ನಂಗೊಂದು ಮಾತು ಯೋಳ್ಬೋದಿತ್ತು."

ಚಿತ್ರ ಕೆಟ್ಟದಾಗಿತ್ತು, ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾಯಕ ಪ್ರೀತಿಸುವಾಗ ಪತ್ತೇದಾರಿಕೆ ಮಾಡುತ್ತಿದ್ದ, ಪತ್ತೇದಾರಿಕೆ ಮಾಡುವಾಗ ಹಾಡುತ್ತಿದ್ದ. ಆದರೆ ನಾಯಕಿಯ ಕೈ ಹಿಡಿಯುವ ಮೊದಲು ಪ್ರತಿ ಸಲವೂ ಅವನು ತಾಯಿಯ ಫೋಟೋದ ಮುಂದೆ ನಿಂತು ಅನುಮತಿ ಬೇಡುತ್ತಿದ್ದ, ಆ ಫೋಟೋ "ಯಾಕೆ?" ಎಂಬಂತೆ ಅವನನ್ನು ನೋಡುತ್ತಿತ್ತು. ಮೂರನೆಯ ಸಲಕ್ಕೆ ಹಿಂದಿನ ಸಾಲಿನ ಹುಡುಗನೊಬ್ಬ, "ಬೇಡ ಮಗಾ, ಅಮ್ಮ ಒಪ್ತಿಲ್ಲ!" ಎಂದು ಕೂಗಿದ. ಇಡೀ ಚಿತ್ರಮಂದಿರ ಶಿಳ್ಳೆ ಹೊಡೆಯಿತು. ಕೊನೆಗೆ ಕೊಲೆಗಾರ ಆ ಫೋಟೋದ ಮುಂದೆ ಕತ್ತಿ ಬಿಸುಟು ತಪ್ಪೊಪ್ಪಿಕೊಂಡಾಗ ಅದೊಂದೇ ದೃಶ್ಯವನ್ನು ಎಲ್ಲರೂ ನಂಬಿದರು.

ಹೊರಗೆ ಗಿರಿ ಫೋಟೋ ಹಿಡಿದು ನಿಂತಿದ್ದ. "ಅತ್ತೆ, ನಿಮ್ ಪ್ರಾಪರ್ಟಿ."

"ಆ ಮಾಲೇನೂ ಕೊಡು," ಎಂದಳು ಮುನಿಗಂಗಮ್ಮ.

ಮನೆಗೆ ಬಂದವಳೇ ತನ್ನ ಫೋಟೋವನ್ನು ಹಳೆಯ ಜಾಗಕ್ಕೆ ನೇತುಹಾಕಿದಳು. ಹಾರವನ್ನು ಕೊಡವಿ ಗಂಡನ ಫೋಟೋಕ್ಕೆ ತೊಡಿಸಿದಳು.

"ಏನೇ ಇದು! ನಾನಿನ್ನೂ ಬದುಕಿದೀನಿ!"

"ನಾನೂ ಬದುಕೇ ಇದ್ನಲ್ಲ. ಆ ಸಿನಿಮಾ ಓಡೋಗಂಟ ಈ ಮಾಲೆ ಈ ಗೋಡೆ ಮ್ಯಾಲೆ ಇರ್ತದೆ. ಸಿನಿಮಾ ತೆಗುದ್ ದಿನ ನಾನೂ ತೆಗೀತೀನಿ."

ನರಸಿಂಹಯ್ಯನವರಿಗೆ ಒಳಗೊಳಗೇ ಸಮಾಧಾನವಾಯಿತು. ಆ ಚಿತ್ರ ಸೋಮವಾರದವರೆಗೆ ಉಳಿಯುವ ಸಂಭವ ಇರಲಿಲ್ಲ. ಆದರೆ ಅಷ್ಟರಲ್ಲೇ ಸಾಕಷ್ಟು ಅನಾಹುತವಾಯಿತು. ಹಾಲಿನವನು ಚಪ್ಪಲಿ ಬಿಟ್ಟು ಒಳಬಂದು ಕೈ ಮುಗಿದ. ಸಂಜಯನಗರದಿಂದ ಬಂದ ಸೀಮೆಂಟು ವ್ಯಾಪಾರಿ ಕಣ್ಣು ತುಂಬಿಕೊಂಡು, "ಮೊನ್ನೆ ತಾನೇ ಸಿಕ್ಕಿದ್ರಲ್ಲ ಸಾರ್, ಎಂಥಾ ಮನುಷ್ಯ!" ಎಂದು ಸ್ವತಃ ನರಸಿಂಹಯ್ಯನವರ ಕೈ ಹಿಡಿದುಕೊಂಡೇ ಹೇಳಿದ, ಅವರನ್ನು ಸತ್ತವರ ತಮ್ಮನೆಂದು ತಿಳಿದಿದ್ದ. ಶಿವಲಿಂಗವ್ವನಂತೂ ಬಾಗಿಲಲ್ಲೇ ಗಲ್ಲ ಬಡಿದುಕೊಂಡಳು.

"ಅಯ್ಯ ಶಿವನ! ಜೀವಂತ ಮನಷ್ಯಾನ ಫೋಟೋಕ್ಕ ಮಾಲಿ ಹಾಕ್ತಾರೇನ್ರೀ ಅಕ್ಕಾರ? ಆಯುಷ್ಯ ಕಡಿಮಿ ಆಗ್ತೈತ್ರಿ!"

"ಆಯಸ್ಸು ಮಾಲೆಯಿಂದ ಓಗಾಕಿಲ್ಲ ಕಣಮ್ಮ," ಎಂದಳು ಮುನಿಗಂಗಮ್ಮ. "ಇಂಥೋರ್ ಜೊತೆ ಬಾಳೋದ್ರಿಂದ ಓಗ್ತದೆ."

ಸೋಮವಾರ ಚಿತ್ರ ತೆಗೆಯಲಿಲ್ಲ. ಪರದೆಯ ಮೇಲಿನ, ಹಾರ ಹಾಕಿದ ಮುನಿಗಂಗಮ್ಮನ ಮುಖವನ್ನು ಯಾರೋ ಮೊಬೈಲಿಗೆ ಹರಿಬಿಟ್ಟಿದ್ದರು. ಕೆಳಗೆ 'ಸಂಬಳ ಬಂತಾ ಅಂತ ಕೇಳಿದಾಗ', 'ಮಾರ್ಕ್ಸ್ ಕಾರ್ಡ್ ತೋರಿಸಿದಾಗ' ಎಂಬ ಒಕ್ಕಣೆಗಳು. ಕಾಲೇಜಿನ ಹುಡುಗರು ಗುಂಪುಗುಂಪಾಗಿ ಬಂದು, ಫೋಟೋ ಕಂಡೊಡನೆ ಎದ್ದು ನಿಂತು "ಯಾಕೆ?" ಎಂದು ಒಕ್ಕೊರಲಿನಿಂದ ಕೂಗುವುದು ಪದ್ಧತಿಯಾಯಿತು. ಕಥೆ ಸುಳ್ಳು, ಪ್ರೀತಿ ಸಪ್ಪೆ, ಅಮ್ಮ ಸೂಪರ್ ಎಂದು ವಿಮರ್ಶಕರು ಬರೆದರು.

ಆಯಸ್ಸಿನ ಮಾತು ನರಸಿಂಹಯ್ಯನವರ ತಲೆಯಲ್ಲಿ ಕೊರೆಯುತ್ತಿತ್ತು. ಊಟ ಸೇರಲಿಲ್ಲ. ನಡುಮನೆ ದಾಟುವಾಗ ತಮ್ಮ ಫೋಟೋದ ಕಡೆ ನೋಡದೆ ಗೋಡೆ ಹಿಡಿದು ನಡೆಯುತ್ತಿದ್ದರು. ಕೊನೆಗೆ, ಈ ಚಿತ್ರವನ್ನು ತಾವೇ ಕೊಲ್ಲದೆ ವಿಧಿಯಿಲ್ಲ ಎಂದು ನಿಶ್ಚಯಿಸಿ, ಜಿಟಿಜಿಟಿ ಮಳೆಯಲ್ಲಿ ಮಾಲಿನ ಮುಂದೆ ಹೋಗಿ ನಿಂತರು. ಅಲ್ಲಿ ಮೈಕು ಹಿಡಿದ ಹುಡುಗಿಯೊಬ್ಬಳು ಹೊರಬಂದವರನ್ನೆಲ್ಲ ಅಭಿಪ್ರಾಯ ಕೇಳುತ್ತಿದ್ದಳು. ನರಸಿಂಹಯ್ಯನವರು ಕರೆಯದೆಯೇ ಮುಂದೆ ನುಗ್ಗಿದರು.

"ದಯವಿಟ್ಟು ಯಾರೂ ಬರಬೇಡಿ! ದರಿದ್ರ ಸಿನಿಮಾ. ಕೊಲೆ ಮಾಡಿರೋದು ಹೀರೋಯಿನ್ ಅಲ್ಲ, ಅವಳ ಚಿಕ್ಕಪ್ಪ! ಹೇಳಿದೀನಿ, ಇನ್ನು ನೋಡೋಕೇನೂ ಉಳಿದಿಲ್ಲ, ಮನೇಗೆ ಹೋಗಿ!"

"ಸರ್, ಇಷ್ಟೊಂದು ಕೋಪ ಯಾಕೆ ಸರ್?"

"ಯಾಕಾ? ಆ ಫೋಟೋದಲ್ಲಿರೋದು ನನ್ನ ಹೆಂಡ್ತಿ! ಬದುಕಿದಾಳೆ! ನನ್ನ ಫೋಟೋಗೆ ಹಾರ ಹಾಕಿದಾಳೆ!"

ಸಂಜೆಯೊಳಗೆ ಆ ವಿಡಿಯೋ ತುಣುಕನ್ನು ಇಡೀ ಊರು ನೋಡಿತು. ಮರುದಿನ ಚಿತ್ರಕ್ಕೆ ಯಲಹಂಕದಲ್ಲೂ ಯಶವಂತಪುರದಲ್ಲೂ ಹೊಸ ಆಟಗಳು ಸಿಕ್ಕವು. ಗಿರಿ ಸಿಹಿಯ ಪೊಟ್ಟಣ ಹಿಡಿದು ಓಡಿಬಂದು ಕಾಲಿಗೆ ಬಿದ್ದ.

"ಮಾವ, ನೀವು ದೇವ್ರು! ಎಂಥಾ ಪಬ್ಲಿಸಿಟಿ ಗುರುವೇ! ಇನ್ನು ಒಂದು ತಿಂಗ್ಳು ಅಲ್ಲಾಡಲ್ಲ!"

ಮಳೆಯಲ್ಲಿ ನಿಂತದ್ದು ಎದೆಗಿಳಿದು, ನರಸಿಂಹಯ್ಯನವರಿಗೆ ಬೆಳಗಿನಿಂದ ಕೆಮ್ಮು ಬಿಟ್ಟಿರಲಿಲ್ಲ. ಬಗ್ಗಿ ಗೋಡೆ ಹಿಡಿದು, ಮುಖ ಕೆಂಪಾಗುವಷ್ಟು ಕೆಮ್ಮಿದರು. ತಲೆ ಎತ್ತಿದರೆ ಎದುರಿಗೇ ಹಾರ ಹಾಕಿಕೊಂಡ ತಾವು.

"ಆಚೆ ಓಗಿ ಕೆಮ್ಮು," ಎಂದಳು ಮುನಿಗಂಗಮ್ಮ ಟಿವಿಯಿಂದ ಕಣ್ಣು ತೆಗೆಯದೆ. "ಧಾರಾವಾಹಿ ಕೇಳ್ಸಾಕಿಲ್ಲ."

ಕರುಣೆಯಿಲ್ಲದ ಹೆಂಗಸು ಎಂದು ಮತ್ತೊಮ್ಮೆ ಮನಸ್ಸಿನಲ್ಲೇ ಮೊಹರು ಒತ್ತಿ, ನರಸಿಂಹಯ್ಯನವರು ಗಿರಿಯ ಸ್ಕೂಟರ್ ಹತ್ತಿ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಬರೀ ನೆಗಡಿ ಎಂದರು. ನಂತರ ಮುಖ ನೋಡಿ ಗುರುತು ಹಿಡಿದು, "ನೀವು ಅವರ ಹಸ್ಬೆಂಡ್ ಅಲ್ವಾ?" ಎಂದು ಒಂದು ಸೆಲ್ಫಿ ತೆಗೆಸಿಕೊಂಡರು.

ಮನೆಗೆ ಬಂದಾಗ ಟಿವಿ ಆರಿತ್ತು. ಅಡುಗೆಮನೆಯಲ್ಲಿ ಮಿಕ್ಸಿ ಗುರುಗುಟ್ಟುತ್ತಿತ್ತು. ನರಸಿಂಹಯ್ಯನವರು ರೂಢಿಯಂತೆ ಮುಖ ತಿರುಗಿಸಿ ನಡುಮನೆ ದಾಟುತ್ತಿದ್ದವರು, ಅರ್ಧದಲ್ಲಿ ನಿಂತರು. ಅವರ ಫೋಟೋ ಬೋಳಾಗಿತ್ತು. ಗಾಜನ್ನು ಒರೆಸಿ, ಹಣೆಗೆ ಹೊಸದಾಗಿ ಒಂದು ಕುಂಕುಮದ ಬೊಟ್ಟು ಇಟ್ಟಿತ್ತು. ಗಂಧದ ಹಾರ ಪಕ್ಕದ ಫೋಟೋದಲ್ಲಿ, ಮುನಿಗಂಗಮ್ಮನ ಕೊರಳಲ್ಲಿ ಇತ್ತು.

"ಏ ಇವಳೇ," ಎಂದರು. "ಮಾಲೆ ಯಾಕೆ ನಿನ್ ಫೋಟೋಗ್ ಹಾಕ್ಕೊಂಡೆ? ತೆಗೆದು ಬಿಸಾಕೋದಲ್ವಾ?"

ಮಿಕ್ಸಿ ನಿಂತಿತು.

"ಸಿನಿಮಾ ಇನ್ನೂ ಓಡ್ತದಲ್ಲ. ಈ ಗೋಡೆ ಮ್ಯಾಲೆ ಇರ್ತದೆ ಅಂದಿದ್ದೆ, ಗೋಡೆ ಮ್ಯಾಲೇ ಅದೆ."

"ಅದಲ್ಲ ಕಣೇ..."

"ನಿನ್ ಫೋಟೋ ಪಕ್ಕ ಸ್ವಿಚ್ಚು. ಮಾಲೆ ತಾಕಿ ಶಾರ್ಟ್ ಸರ್ಕೀಟ್ ಆದ್ರೆ ಮನೆ ಯಾರು ಕಟ್ಟಿಸ್ಕೊಡ್ತಾರೆ? ಓಗು, ಸ್ವೆಟರ್ ಆಕ್ಕೋ."

ಮಿಕ್ಸಿ ಮತ್ತೆ ಗುರುಗುಟ್ಟಿತು. ನರಸಿಂಹಯ್ಯನವರು ಸ್ವೆಟರ್ ಹುಡುಕಲು ದೀಪ ಹಾಕಬೇಕಾಯಿತು. ಅದಕ್ಕಾಗಿ ನಡುಮನೆಯನ್ನು ಪೂರ್ತಿ ದಾಟಿ, ಫೋಟೋಗಳ ಎದುರು ಗೋಡೆಯವರೆಗೆ ಹೋದರು. ಸ್ವಿಚ್ಚು ಇದ್ದದ್ದು ಅಲ್ಲಿ.